ಕಾಗೆಬಂಗಾರ: ಒಂದು ಪದದ ವಿಚಾರ

ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಹುಸಿ ಚಿನ್ನದ ಮಾತೇಕೆ ಎಂದು ಓದುಗರು ಹುಬ್ಬೇರಿಸಬಾರದು. ಆದವಾನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ಅಂದಿನಿಂದ ಇಲ್ಲಿಯ ಕನ್ನಡವೆಲ್ಲ ತೆಲುಗಿನ ಕಲಬೆರಕೆಯೆಂದು ಭಾವಿಸುವವರು ಹೆಚ್ಚಿದ್ದಾರೆ. ನಮ್ಮ ಮಕ್ಕಳು ‘ಕಾಗೆಬಂಗಾರ’ ಎಂದರೆ, ಅದು ‘ಕಾಕಿಬಂಗಾರಂ’ನ ಅನುವಾದವೆಂದು ತಿದ್ದುವವರನ್ನು ನಾನು ಕಂಡಿದ್ದೇನೆ. ಆ ತಿದ್ದುಪಡಿಗೆ ಆಧಾರವಿಲ್ಲ.

ಕಾಗೆಬಂಗಾರವೆಂದರೆ ಅಭ್ರಕ. ಗ್ರಾನೈಟ್ ಶಿಲೆಯಲ್ಲಿ ಕರಿಯ ಅಭ್ರಕದ ತೆಳುಹಾಳೆಗಳಿರುತ್ತವೆ. ಮಳೆಗಾಳಿಗೆ ಶಿಥಿಲವಾದಂತೆ ಅವು ಹೊಂಬಣ್ಣ ತಾಳಿ ಹಳ್ಳದ ಮರಳಿನಲ್ಲಿ ಮಿನುಗುತ್ತವೆ. ಉಗುರಿನಿಂದ ಎಬ್ಬಿಸಿದರೆ ಪದರ ಪದರವಾಗಿ ಏಳುತ್ತವೆ. ಚಿನ್ನವಾದರೋ ಹಾಗೆ ಏಳದು, ಬಡಿದಷ್ಟೂ ಹರಡುತ್ತದೆ. ತುಗ್ಗಲಿಯ ಬಳಿಯ ಜೊನ್ನಗಿರಿಯಲ್ಲಿ ನಿಜವಾದ ಚಿನ್ನದ ನಿಕ್ಷೇಪವೇ ಇರುವುದರಿಂದ ಈ ಭೇದ ನಮ್ಮ ಸೀಮೆಗೆ ಬರಿಯ ನಿಘಂಟಿನ ಸಂಗತಿಯಲ್ಲ. ಅಭ್ರಕಕ್ಕೆ ಹೇಳುವ ಈ ಹೆಸರನ್ನೇ ಥಳಥಳಿಸುವ ಬೇಗಡೆಗೂ ಹೇಳುವುದುಂಟು.

ಇನ್ನು ಕಾಗೆಯ ಮಾತು. ತಮಿಳರು ‘ಕಾಕ್ಕಾಯ್‌ಪ್ಪೊನ್’ ಎನ್ನುತ್ತಾರೆ, ಮಲೆಯಾಳಿಗಳು ‘ಕಾಕ್ಕಪ್ಪೊನ್ನ್’. ಅಲ್ಲಿಯ ಪೊನ್ನು ಹಳಗನ್ನಡದ ‘ಪೊನ್’, ನಮ್ಮ ಹೊನ್ನು. ಬಂಗಾರವು ಸಂಸ್ಕೃತದ ‘ಭೃಂಗಾರ’ದ ತದ್ಭವವೆಂದು ವ್ಯಾಕರಣ ಪಾಠದಲ್ಲಿ ಓದಿದ್ದೀರಿ. ನಾಲ್ಕು ಭಾಷೆಗಳಲ್ಲಿ ಲೋಹದ ಹೆಸರು ಎರಡು ಬಗೆಯಾದರೂ ಕಾಗೆ ಮಾತ್ರ ಎಲ್ಲೆಡೆಯೂ ಕುಳಿತಿದೆ. ಹೀಗಿರುವಾಗ ಇದು ಒಂದೇ ಭಾಷೆಯ ಸೊತ್ತು, ಉಳಿದವರದು ಸಾಲ ಎನ್ನುವುದು ಹೇಗೆ? ಕಾಗೆಯೇ ಏಕೆ ಎಂದರೆ, ನಂಬಲಾಗದುದಕ್ಕೆ ಅದರ ಹೆಸರಿಡುವುದು ನಮ್ಮ ಜನರ ವಾಡಿಕೆ ಎಂದು ನನಗೆ ತೋರುತ್ತದೆ. ಕಟ್ಟುಕಥೆ ನಮಗೆ ‘ಕಾಗಕ್ಕ ಗುಬ್ಬಕ್ಕನ ಕಥೆ’. ಸುಳ್ಳು ಲೆಕ್ಕ ತೆಲುಗರಿಗೆ ‘ಕಾಕಿಲೆಕ್ಕ’. ಜರ್ಮನರು ಇದೇ ಅಭ್ರಕವನ್ನು ‘ಬೆಕ್ಕಿನ ಚಿನ್ನ’ವೆಂದು ಕರೆಯುವುದು ಸ್ವಾರಸ್ಯಕರ.

ನಿಜವಾದ ಎರವಲುಗಳು ಬೇರೆ ಇವೆ. ‘ಗಿಲೀಟು’ ಇಂಗ್ಲಿಷಿನ ‘ಗಿಲ್ಟ್’ನಿಂದ ಬಂದುದು, ಅದನ್ನು ಯಾರೂ ತಿದ್ದುವುದಿಲ್ಲ! ‘ಚಿನ್ನದ ಮುಲಾಮು’ ಎನ್ನುವಲ್ಲಿಯ ಮುಲಾಮು ಅರಬ್ಬಿಯ ‘ಮುಲಮ್ಮಾ’, ಎಂದರೆ ಹೊಳಪು ಕೊಟ್ಟದ್ದು. ಬಿಜಾಪುರದ ಆದಿಲಶಾಹಿಗಳ ಆಳ್ವಿಕೆ ಕಂಡ ಆದವಾನಿಗೆ ಇಂತಹ ಪದಗಳು ಹೊಸವಲ್ಲ. ಗಾಯಕ್ಕೆ ಹಚ್ಚುವ ಮುಲಾಮು ಮಾತ್ರ ಇದಲ್ಲ. ಅದು ‘ಮರ್ಹಮ್’ ಎಂಬ ಬೇರೆಯೇ ಪದದಿಂದ ಬಂದು, ಕನ್ನಡದ ಬಾಯಲ್ಲಿ ಇದರೊಡನೆ ಒಂದಾಗಿದೆ.