ಕುರಿಗೆ ಜಂತಿನ ಔಷಧಿ: ಯಾವಾಗ, ಯಾವುದು, ಎಷ್ಟು?

ನಾನು ಓದಿದ್ದು ತೋಟಗಾರಿಕೆ, ಮಾಡ್ತಿರೋದು ಸಾವಯವ ದಾಳಿಂಬೆ. ಗೊಬ್ಬರಕ್ಕೆ ಅಂತ ಕೊಟ್ಟೂರು ಸೀಮೆಯ ನಮ್ಮ ತೋಟಕ್ಕೆ 40 ಬಳ್ಳಾರಿ ಕುರಿ ತಂದೆ. ಮೂರು ತಿಂಗಳಿಗೊಮ್ಮೆ ತಪ್ಪದೆ ಜಂತಿನ ಔಷಧಿ ಕುಡಿಸ್ತಿದ್ದೆ. ಆದರೂ ಎರಡನೇ ವರ್ಷ ಹಿಂಗಾರಿನಲ್ಲಿ ಒಂದೇ ವಾರಕ್ಕೆ ಆರು ಮರಿ ಸತ್ತವು. ಗದ್ದದ ಕೆಳಗೆ ನೀರು ತುಂಬಿದ ಬಾವು, ಕಣ್ಣು ಸುಣ್ಣದಂಗೆ ಬಿಳಿ.

ಪಶುವೈದ್ಯರು ಬಂದು ಕೇಳಿದ್ದು ಎರಡೇ ಪ್ರಶ್ನೆ.

"ಎಷ್ಟು ಕುಡಿಸಿದ್ರಿ?"

"ಬಾಟ್ಲಿ ಮುಚ್ಚಳ ತುಂಬ, ಸರ್."

"ಯಾವ ಔಷಧಿ?"

"ಶುರುವಿನಿಂದ ಒಂದೇ."

ಹಿಕ್ಕೆ ಪರೀಕ್ಷೆ ಮಾಡಿಸಿದಾಗ, ಔಷಧಿ ಕುಡಿಸಿ ಎರಡು ವಾರವಾದ್ರೂ ಜಂತಿನ ಮೊಟ್ಟೆ ಹಾಗೇ ಇದ್ದವು. ಔಷಧಿಗೆ ಜಂತು ಒಗ್ಗಿ ಹೋಗಿತ್ತು. ಆವತ್ತು ಕಲಿತದ್ದನ್ನೇ ಇಲ್ಲಿ ಬರೆದಿದ್ದೇನೆ.

ನಮ್ಮ ಸೀಮೆಯ ಶತ್ರು

ನಮ್ಮ ಕುರಿಗಳನ್ನು ಹೆಚ್ಚು ಕೊಲ್ಲುವುದು ನಾಲ್ಕನೇ ಹೊಟ್ಟೆಯಲ್ಲಿರುವ ಹೀಮಾಂಕಸ್ ಎಂಬ ರಕ್ತ ಹೀರುವ ಜಂತು. ಒಂದು ಜಂತು ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ಹೀರುತ್ತದೆ. ಸಾವಿರ ಜಂತಿದ್ದರೆ ದಿನಕ್ಕೆ 50 ಮಿ.ಲೀ. ಹೋಯಿತು. ಹೆಣ್ಣು ಜಂತು ದಿನಕ್ಕೆ 5,000ಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ತೇವ, ಬೆಚ್ಚಗಿನ ಹವೆ ಇದ್ದರೆ ವಾರದೊಳಗೆ ಮರಿಹುಳು ಹುಲ್ಲಿನ ಮೇಲಿರುತ್ತದೆ. ಕುರಿ ಹೊಟ್ಟೆಗೆ ಹೋಗಿ ಮೂರು ವಾರಕ್ಕೆ ತಾನೂ ಮೊಟ್ಟೆ ಇಡಲು ಶುರು ಮಾಡುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಸುಮ್ಮನಿದ್ದ ಕಾಟ ಮಳೆಗಾಲದಲ್ಲಿ ಒಮ್ಮೆಲೇ ಏರುವುದು.

ಐದೂ ತಾಲ್ಲೂಕಿನಲ್ಲಿ ಪರಿಸ್ಥಿತಿ ಒಂದೇ ಇಲ್ಲ. ಕೂಡ್ಲಿಗಿ, ಕೊಟ್ಟೂರಿನ ಒಣ ಗುಡ್ಡದಲ್ಲಿ ಮೇಯೋ ಕುರಿಗೆ ಹೀಮಾಂಕಸ್‌ನದೇ ಚಿಂತೆ. ಹಡಗಲಿ, ಹರಪನಹಳ್ಳಿಯ ತುಂಗಭದ್ರಾ ದಂಡೆ, ಹಗರಿಬೊಮ್ಮನಹಳ್ಳಿಯ ಮಾಲವಿ ಜಲಾಶಯದ ಕೆಳಗಿನ ಜವುಗು, ಕೆರೆಯಂಗಳ, ಗದ್ದೆ, ಇಲ್ಲೆಲ್ಲ ಬಸವನಹುಳು ಇರೋದರಿಂದ ಚಪ್ಪಟೆ ಹುಳುವಿನ ಕಾಟವೂ ಸೇರುತ್ತದೆ. ನಾತ ಹೊಡೆಯುವ ನೀರು ಭೇದಿ ಬಂದರೆ ಅದರ ಅನುಮಾನ ಇಟ್ಟುಕೊಳ್ಳಿ.

ಕ್ಯಾಲೆಂಡರ್ ಅಲ್ಲ, ಕಣ್ಣು ನೋಡಿ

ನಮ್ಮ ಪಕ್ಕದ ಹೊಲದ ಹಿರಿಯ ಕುರಿಗಾರರೊಬ್ಬರು ಕುರಿ ಕೊಳ್ಳುವಾಗ ಮೊದಲು ಕೆಳರೆಪ್ಪೆ ಬಿಡಿಸಿ ನೋಡ್ತಾರೆ. "ಕಣ್ಣಾಗ ರಕ್ತ ಇಲ್ಲಂದ್ರ ಮೈಯಾಗೂ ಇಲ್ಲಪ್ಪ" ಅಂತಾರೆ. ಇದೇ ಮಾತನ್ನು ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು 1990ರ ದಶಕದಲ್ಲಿ ಫಮಾಚಾ ಎಂಬ ಬಣ್ಣದ ಪಟ್ಟಿಯಾಗಿ ಮಾಡಿದರು. ಕೆಂಪಿಗೆ 1, ಪೂರ್ತಿ ಬಿಳಿಗೆ 5. ನಾಲ್ಕು, ಐದು ಬಂದ ಕುರಿಗೆ ತಕ್ಷಣ ಔಷಧಿ. ಮರಿ ಮತ್ತು ಗಬ್ಬದ ಕುರಿಗೆ ಮೂರು ಬಂದರೂ ಕೊಡಿ. ಒಂದು, ಎರಡು ಇದ್ದರೆ ಬಿಡಿ.

ಬಿಡೋದು ಯಾಕೆ? ಎಲ್ಲ ಕುರಿಗೂ ಕುಡಿಸಿದರೆ ಔಷಧಿಗೆ ಜಗ್ಗದ ಜಂತು ಮಾತ್ರ ಉಳಿದು ಅದರದೇ ಸಂತತಿ ಹೊಲ ತುಂಬುತ್ತದೆ. ಗಟ್ಟಿಮುಟ್ಟಾದ ಕೆಲವು ಕುರಿ ಬಿಟ್ಟರೆ, ಔಷಧಿಗೆ ಸಾಯುವ ಜಂತೂ ಹೊಲದಲ್ಲಿ ಉಳಿದು ಬೆರೆಯುತ್ತದೆ. ಔಷಧಿ ಹೆಚ್ಚು ವರ್ಷ ಕೆಲಸ ಮಾಡುತ್ತದೆ.

ಒಂದು ಎಚ್ಚರ: ರೆಪ್ಪೆ ಹೇಳೋದು ರಕ್ತ ಹೀರುವ ಜಂತಿನ ಕಥೆ ಮಾತ್ರ. ಹಿಕ್ಕೆಯಲ್ಲಿ ಅಕ್ಕಿಕಾಳಿನಂಥ ತುಣುಕು ಕಂಡರೆ ಅದು ಲಾಡಿಹುಳು, ಭೇದಿ ಬೇರೆ ಲೆಕ್ಕ.

ವರ್ಷದ ವೇಳಾಪಟ್ಟಿ

- ಮೇ ಕೊನೆ: ಮಳೆಗೆ ಮುಂಚೆ ಕರುಳು ಬೇನೆ ಲಸಿಕೆ. ಜಂತಿಗೆ 10 ಕುರಿಯ ಹಿಕ್ಕೆ ಪರೀಕ್ಷೆ ಮಾಡಿಸಿ.
- ಜುಲೈಯಿಂದ ನವೆಂಬರ್: 15 ದಿನಕ್ಕೊಮ್ಮೆ ರೆಪ್ಪೆ ನೋಡಿ, ಬೇಕಾದವಕ್ಕೆ ಮಾತ್ರ ಔಷಧಿ.
- ಮಘಾ, ಹುಬ್ಬೆ ಮಳೆ ಹೊತ್ತಿಗೆ: ಹಿಂಡಿಗೆ ವರ್ಷದ ಮುಖ್ಯ ಔಷಧಿ. ಹತ್ತರಲ್ಲಿ ಒಂದೆರಡು ಗಟ್ಟಿ ಕುರಿ ಬಿಡಿ.
- ಈಯುವ ಹೊತ್ತು: ಈದ ಕುರಿಯಲ್ಲಿ ಮೊಟ್ಟೆ ಏರುತ್ತದೆ, ಅದನ್ನು ಮರಿಯೇ ತಿನ್ನುತ್ತದೆ. ತಾಯಿಯ ರೆಪ್ಪೆ, ಹಿಕ್ಕೆ ತಪ್ಪದೆ ನೋಡಿ.
- ಫೆಬ್ರವರಿಯಿಂದ ಮೇ: ಮೈಲಾರ ಜಾತ್ರೆ ದಾಟಿದ ಮೇಲೆ ಒಣ ಬಿಸಿಲಿಗೆ ಮರಿಹುಳು ಬೇಗ ಸಾಯುತ್ತದೆ. ಕಾರಣವಿಲ್ಲದೆ ಇಡೀ ಹಿಂಡಿಗೆ ಕುಡಿಸಬೇಡಿ.

ಯಾವ ಔಷಧಿ?

ಅಲ್ಬೆಂಡಜೋಲ್, ಫೆನ್‌ಬೆಂಡಜೋಲ್ ಒಂದೇ ಗುಂಪು. ಒಂದು ಬಿಟ್ಟು ಇನ್ನೊಂದು ಕೊಟ್ಟರೆ ಬದಲಾಯಿಸಿದಂತಲ್ಲ. ಲೆವಾಮಿಸೋಲ್ ಬೇರೆ ಗುಂಪು, ಐವರ್‌ಮೆಕ್ಟಿನ್ ಬೇರೆ, ಕ್ಲೋಸಾಂಟೆಲ್ ಬೇರೆ. ಜವುಗಿನ ಚಪ್ಪಟೆ ಹುಳುವಿಗೆ ಆಕ್ಸಿಕ್ಲೋಜನೈಡ್. ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್. ಯಾವುದು ನಿಮ್ಮ ಹಿಂಡಿಗೆ ನಡೆಯುತ್ತದೆ ಅಂತ ಹೇಳೋದು ಅಂಗಡಿಯವರಲ್ಲ, ಹಿಕ್ಕೆ. ಕುಡಿಸುವ ದಿನ ಒಮ್ಮೆ, 10ರಿಂದ 14 ದಿನ ಬಿಟ್ಟು ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಮೊಟ್ಟೆ 95 ಪರ್ಸೆಂಟ್ ಇಳಿಯದಿದ್ದರೆ ಆ ಔಷಧಿ ಬಗ್ಗೆ ವೈದ್ಯರ ಹತ್ತಿರ ಮಾತಾಡಿ.

ಗಬ್ಬದ ಮೊದಲ ತಿಂಗಳು ಅಲ್ಬೆಂಡಜೋಲ್ ಬೇಡ, ಮರಿ ಅಂಗವಿಕಲವಾಗಬಹುದು. ಟಗರು ಬಿಟ್ಟ ದಿನ ಬರೆದಿಡಿ. ಕ್ಲೋಸಾಂಟೆಲ್ ಮಿತಿ ಮೀರಿದರೆ ಕಣ್ಣು ಹೋಗುತ್ತದೆ. ಸಾವಯವದವರಿಗೆ ಇನ್ನೊಂದು ಮಾತು: ಐವರ್‌ಮೆಕ್ಟಿನ್ ಅಂಶ ಹಿಕ್ಕೆಯಲ್ಲಿ ಹೊರಬಂದು ಸಗಣಿ ಹುಳುಗಳಿಗೆ ಹಾನಿ ಮಾಡುತ್ತದೆ.

ವಲಸೆ ಹೋಗುವ ಕುರಿಗಾರರು ಸಾಮಾನು ಹೊರಲು ಕತ್ತೆ, ಕುದುರೆ ಇಟ್ಟುಕೊಂಡಿರ್ತಾರೆ. ಕುರಿ ಔಷಧಿ ಮಿಕ್ಕಿದೆ ಅಂತ ಅವಕ್ಕೆ ಕುಡಿಸಬೇಡಿ. ಅವುಗಳ ಜಂತು ಬೇರೆ, ಪ್ರಮಾಣ ಬೇರೆ. ಲೆವಾಮಿಸೋಲ್ ಅಂತೂ ಕುದುರೆಗೆ ಅಪಾಯ.

ಎಷ್ಟು, ಹೇಗೆ?

ಮುಚ್ಚಳ ಬಿಡಿ, ತಕ್ಕಡಿ ಹಿಡಿಯಿರಿ. ಅಲ್ಬೆಂಡಜೋಲ್ ಕೆ.ಜಿ.ಗೆ 7.5 ಮಿ.ಗ್ರಾಂ. ಲೆಕ್ಕದಲ್ಲಿ 30 ಕೆ.ಜಿ. ಕುರಿಗೆ 225 ಮಿ.ಗ್ರಾಂ. ಆಗುತ್ತದೆ. 2.5 ಪರ್ಸೆಂಟ್ ದ್ರಾವಣವಾದರೆ 9 ಮಿ.ಲೀ. ನನ್ನ ಮುಚ್ಚಳ ಹಿಡಿಯುತ್ತಿದ್ದದ್ದು 5 ಮಿ.ಲೀ.! ಅರೆಬರೆ ಔಷಧಿ ಕುಡಿಸಿ ನಾನೇ ಜಂತನ್ನು ಗಟ್ಟಿ ಮಾಡಿದ್ದೆ. ಮೇಕೆಗೆ ಕುರಿಯ ಲೆಕ್ಕ ಸಾಲುವುದಿಲ್ಲ, ವೈದ್ಯರನ್ನು ಕೇಳಿ.

ಬಾಟ್ಲಿ ಚೆನ್ನಾಗಿ ಅಲ್ಲಾಡಿಸಿ. ನಾಲಿಗೆಯ ಹಿಂಬದಿಗೆ ನಿಧಾನ ಬಿಡಿ. ತಲೆ ತೀರಾ ಮೇಲೆತ್ತಿದರೆ ಔಷಧಿ ಶ್ವಾಸಕೋಶಕ್ಕೆ ಹೋಗುತ್ತದೆ. ಕುಡಿಸಿದ ದಿನ ಬರೆದಿಟ್ಟು, ಲೇಬಲ್‌ನಲ್ಲಿರುವ ದಿನ ಮುಗಿಯೋವರೆಗೆ ಮಾಂಸಕ್ಕೆ ಮಾರಬೇಡಿ.

ಔಷಧಿಗೂ ಮುಂಚೆ

ಮಳೆಗಾಲದಲ್ಲಿ ಇಬ್ಬನಿ ಆರಿದ ಮೇಲೆ ಮೇಯಲು ಬಿಡಿ, ಹುಲ್ಲನ್ನು ಬುಡದವರೆಗೆ ಮೇಯಿಸಬೇಡಿ. ಮರಿಹುಳು ಇರೋದು ಬುಡದಲ್ಲೇ. ಸಂತೆಯಿಂದ ತಂದ ಕುರಿಯನ್ನು 15 ದಿನ ಬೇರೆ ಕಟ್ಟಿ, ಪರೀಕ್ಷೆ ಮಾಡಿಸಿ ಹಿಂಡಿಗೆ ಸೇರಿಸಿ. "ಸಾವಯವದವರು ಬೇವಿನ ಸೊಪ್ಪು ಹಾಕಿದ್ರೆ ಸಾಕಲ್ವಾ?" ಅಂತ ಕೇಳ್ತಾರೆ. ಗದ್ದ ಊದಿದ ಮರಿಯನ್ನು ಬೇವು ಉಳಿಸೋದಿಲ್ಲ. ಒಳ್ಳೆ ಮೇವು, ಹಿಂಡಿ ಕೊಟ್ಟ ಕುರಿ ಜಂತನ್ನು ತಡೆದುಕೊಳ್ಳುತ್ತದೆ, ಅಷ್ಟೇ.

ಈಗ ನಮ್ಮ ತೋಟದಲ್ಲಿ ಔಷಧಿಯ ಖರ್ಚು ಮೊದಲಿಗಿಂತ ಕಡಿಮೆ. ಈ ವಾರ ನಿಮ್ಮ ರೊಪ್ಪದಲ್ಲಿ ಹತ್ತು ಕುರಿಯ ರೆಪ್ಪೆ ಬಿಡಿಸಿ ನೋಡಿ. ಬಿಳಿ ಕಂಡರೆ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ, ಇಲ್ಲವೇ 1962ಕ್ಕೆ ಕರೆ ಮಾಡಿ. ಮರಿಗಳು ಸಾಯೋವರೆಗೆ ಕಾಯಬೇಡಿ, ನಾನು ಕಾದಿದ್ದೆ.