‘ಎಂಆರ್‌ಐ ನಾರ್ಮಲ್’ ಎಂದರೆ ಸಾಲದು, ರಕ್ತನಾಳವನ್ನೂ ನೋಡಿಸಿ

ಹತ್ತು ನಿಮಿಷ ಬಾಯಿ ಸೊಟ್ಟಗಾಗಿ, ಒಂದು ಕೈ ಸೋತು, ಮಾತು ತೊದಲಿ, ಆಮೇಲೆ ತಾನಾಗಿಯೇ ಸರಿಹೋಗುತ್ತದೆ. ಮನೆಯವರು ‘ಬಿಪಿ ಏರಿರಬೇಕು’ ಎಂದು ಮಲಗಿಸಿಬಿಡುತ್ತಾರೆ. ಇದು ಟಿಐಎ, ಅಂದರೆ ಮಿನಿ ಸ್ಟ್ರೋಕ್ ಆಗಿರಬಹುದು. ದೊಡ್ಡ ಲಕ್ವ ಹೊಡೆಯುವ ಅಪಾಯ ಇದಾದ ಮೊದಲ ಎರಡು ದಿನಗಳಲ್ಲೇ ಹೆಚ್ಚು. ಇದಕ್ಕೆ ಕಾರಣವಾಗಬಹುದಾದ, ಮೆದುಳಿನೊಳಗಿನ ರಕ್ತನಾಳದಲ್ಲಿ ಕೊಬ್ಬು ಕಟ್ಟಿ ಅದು ಕಿರಿದಾಗುವ ತೊಂದರೆ ಪಾಶ್ಚಾತ್ಯರಿಗಿಂತ ಭಾರತೀಯರೂ ಸೇರಿದಂತೆ ಏಷ್ಯಾದವರಲ್ಲಿ ಹೆಚ್ಚು ಕಾಣುತ್ತದೆ.

1. ಅದೇ ದಿನ ಆಸ್ಪತ್ರೆಗೆ ಹೋಗಿ

ಲಕ್ಷಣ ಕಂಡ ಕೂಡಲೇ 108ಕ್ಕೆ ಕರೆ ಮಾಡಿ, ಶುರುವಾದ ಸಮಯ ಬರೆದಿಟ್ಟುಕೊಳ್ಳಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರುವುದು ನಾಲ್ಕೂವರೆ ಗಂಟೆ ಮಾತ್ರ. ಲಕ್ಷಣ ಪೂರ್ತಿ ಮಾಯವಾದರೂ ಹೋಗಲೇಬೇಕು. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಇಲ್ಲವೆಂದು ಗೊತ್ತಾಗುವ ಮೊದಲು ಮನೆಯಲ್ಲೇ ಆಸ್ಪಿರಿನ್ ನುಂಗಿಸಬೇಡಿ.

2. ‘ಆಂಜಿಯೋ ಆಗಿದೆಯೇ?’ ಎಂದು ಕೇಳಿ

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಸಾದಾ ಸಿಟಿ, ಸಾದಾ ಎಂಆರ್‌ಐ ಮುಖ್ಯವಾಗಿ ತೋರಿಸುವುದು ಮೆದುಳನ್ನು. ಅದಕ್ಕೆ ರಕ್ತ ತರುವ ನಾಳ ಎಷ್ಟು ಕಿರಿದಾಗಿದೆ ಎಂಬುದನ್ನಲ್ಲ. ಗದ್ದೆ ಹಸಿರಾಗಿದೆ ಎಂದ ಮಾತ್ರಕ್ಕೆ ಕಾಲುವೆಯಲ್ಲಿ ಹೂಳಿಲ್ಲ ಎನ್ನಲಾಗದು. ರಿಪೋರ್ಟಿನ ಕೊನೆಯಲ್ಲಿ ‘ನೋ ಅಕ್ಯೂಟ್ ಇನ್‌ಫಾರ್ಕ್ಟ್’ ಎಂದಿದ್ದರೆ ಹೊಸ ಹಾನಿ ಕಾಣಿಸಿಲ್ಲ ಎಂದಷ್ಟೇ ಅರ್ಥ. ಅದೇ ವ್ಯಕ್ತಿಗೆ ಆಂಜಿಯೋ, ಅಂದರೆ ರಕ್ತನಾಳಗಳನ್ನೇ ತೋರಿಸುವ ಸ್ಕ್ಯಾನ್ ಮಾಡಿದರೆ ‘ಲೆಫ್ಟ್ ಎಂಸಿಎ, ಸಿವಿಯರ್ ಸ್ಟೆನೋಸಿಸ್’ ಎಂಬ ಸಾಲು ಬರಬಹುದು: ಮೆದುಳಿನ ಎಡಗಡೆಯ ಒಂದು ಮುಖ್ಯ ನಾಳ ತೀರಾ ಕಿರಿದಾಗಿದೆ ಎಂದು. ಮೊದಲ ರಿಪೋರ್ಟು ನೋಡಿ ನೆಮ್ಮದಿಯಿಂದ ಮಾತ್ರೆ ಬಿಟ್ಟವರು ಮತ್ತೆ ಸ್ಟ್ರೆಚರ್ ಮೇಲೆ ಬರುವುದು ಸಂಕಟದ ಸಂಗತಿ.

ಸಿಟಿ ಆಂಜಿಯೋ ಅಥವಾ ಎಂಆರ್ ಆಂಜಿಯೋ, ಯಾವುದಾದರೂ ಸರಿ. ಆದರೆ ಕತ್ತು ಮತ್ತು ತಲೆ ಎರಡರದ್ದೂ ಆಗಬೇಕು. ಕತ್ತಿನ ಡಾಪ್ಲರ್ (ಅಲ್ಟ್ರಾಸೌಂಡ್) ಒಂದೇ ಸಾಲದು, ಅದು ತಲೆಬುರುಡೆಯೊಳಗಿನ ನಾಳಗಳನ್ನು ತೋರಿಸುವುದಿಲ್ಲ. ಡೈ (ನಾಳ ಎದ್ದುಕಾಣಿಸುವ ದ್ರವ) ಇಲ್ಲದ ಎಂಆರ್ ಆಂಜಿಯೋ ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ಕಿರಿದಾಗಿರುವಂತೆ ತೋರಿಸುವುದುಂಟು. ಆಗ ಸಿಟಿ ಆಂಜಿಯೋದಿಂದ ಖಚಿತಪಡಿಸಿಕೊಳ್ಳುತ್ತಾರೆ.

3. ಮೊದಲೇ ಹೇಳಬೇಕಾದದ್ದು

ಸಿಟಿ ಆಂಜಿಯೋಗೆ ಡೈ ಇಂಜೆಕ್ಷನ್ ಬೇಕು. ಕಿಡ್ನಿ ತೊಂದರೆ, ಹಿಂದೆ ಡೈಯಿಂದಾದ ಅಲರ್ಜಿ, ಸಕ್ಕರೆ ಕಾಯಿಲೆಗೆ ನುಂಗುವ ಮೆಟ್‌ಫಾರ್ಮಿನ್, ಗರ್ಭಧಾರಣೆ ಇವನ್ನು ತಿಳಿಸಿ. ಎಂಆರ್‌ಐಗೆ ಪೇಸ್‌ಮೇಕರ್, ಹಳೆಯ ಶಸ್ತ್ರಚಿಕಿತ್ಸೆಯ ಕ್ಲಿಪ್‌ಗಳ ವಿಷಯ ಮುಚ್ಚಿಡಬೇಡಿ.

4. ಕಿರಿದಾದದ್ದು ಕಂಡರೆ

ವೆಸೆಲ್ ವಾಲ್ ಎಂಆರ್‌ಐ ನಾಳದ ಗೋಡೆಯನ್ನೇ ತೋರಿಸುತ್ತದೆ: ಕಟ್ಟಿರುವುದು ಕೊಬ್ಬೋ, ಉರಿಯೂತವೋ, ಗೋಡೆಯ ಒಳಪದರ ಸೀಳಿದೆಯೋ ಎಂಬ ಸುಳಿವು ಸಿಗುತ್ತದೆ. ಆ ಭಾಗಕ್ಕೆ ರಕ್ತ ಸಾಲುತ್ತಿದೆಯೇ ಎಂದು ಪರ್ಫ್ಯೂಷನ್ ಸ್ಕ್ಯಾನ್ ಹೇಳುತ್ತದೆ. ತೊಡೆ ಅಥವಾ ಮಣಿಕಟ್ಟಿನಿಂದ ನಳಿಕೆ ತೂರಿಸಿ ಮಾಡುವ ಡಿಎಸ್‌ಎ ಎಂಬ ಆಂಜಿಯೋ ಅತ್ಯಂತ ಸ್ಪಷ್ಟ. ಆದರೆ ಅದರಿಂದಲೇ ಸ್ಟ್ರೋಕ್ ಆಗುವ ಸಣ್ಣ ಅಪಾಯವೂ ಉಂಟು. ಫಲಿತಾಂಶದಿಂದ ಚಿಕಿತ್ಸೆ ಬದಲಾಗುವಂತಿದ್ದರೆ ಮಾತ್ರ ಒಪ್ಪಿ. ಏನೂ ತೊಂದರೆ ಇಲ್ಲದವರು ಹೆಲ್ತ್ ಚೆಕಪ್ ಪ್ಯಾಕೇಜಿನ ಆಸೆಗೆ ಮೆದುಳಿನ ಆಂಜಿಯೋ ಮಾಡಿಸಿಕೊಳ್ಳುವುದು ದುಡ್ಡಿಗೆ ದಂಡ.

5. ಸ್ಟೆಂಟ್‌ಗೆ ಹಟ ಬೇಡ

ಲಕ್ಷಣ ಕಾಣಿಸಿದ ಬದಿಯ ಕತ್ತಿನ ನಾಳ ಶೇ 70ಕ್ಕಿಂತ ಹೆಚ್ಚು ಕಿರಿದಾಗಿದ್ದರೆ ಶಸ್ತ್ರಚಿಕಿತ್ಸೆಯಿಂದ ಲಾಭವಿದೆ, ಎರಡು ವಾರದೊಳಗಾದರೆ ಒಳ್ಳೆಯದು. ತಲೆಯೊಳಗಿನ ನಾಳದ ಲೆಕ್ಕ ಬೇರೆ. 2011ರಲ್ಲಿ ಪ್ರಕಟವಾದ ಅಮೆರಿಕದ ಸ್ಯಾಂಪ್ರಿಸ್ ಅಧ್ಯಯನದಲ್ಲಿ ಮೊದಲ 30 ದಿನಗಳಲ್ಲಿ ಸ್ಟ್ರೋಕ್ ಅಥವಾ ಸಾವು ಸಂಭವಿಸಿದ್ದು ಸ್ಟೆಂಟ್ ಗುಂಪಿನ ಶೇ 14.7 ಮಂದಿಗೆ, ಔಷಧಿ ಮಾತ್ರ ಪಡೆದವರಲ್ಲಿ ಶೇ 5.8 ಮಂದಿಗೆ. ಹಾಗಾಗಿ ಹೆಚ್ಚಿನವರಿಗೆ ಮೊದಲ ಆಯ್ಕೆ ರಕ್ತ ತೆಳುವಾಗಿಸುವ ಮಾತ್ರೆ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್, ಬಿಪಿ–ಸಕ್ಕರೆಯ ಹತೋಟಿ. ಬೀಡಿ, ಸಿಗರೇಟು, ಗುಟ್ಕಾ ಪೂರ್ತಿ ಬಿಡಿ. ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ರಿಪೋರ್ಟಿನ ಜತೆ ಸ್ಕ್ಯಾನ್‌ನ ಸಿಡಿಯನ್ನೂ ಒಯ್ಯಿರಿ. ವೈದ್ಯರು ಹೇಳದೆ ಮಾತ್ರೆ ನಿಲ್ಲಿಸಬೇಡಿ.