ಬೋರ್ಡು ಬರೆಸುವ ಮೊದಲು

"ಒಂದು ಮುದ್ದೆಗೆ ಎಷ್ಟು ಗ್ರಾಂ ಹಿಟ್ಟು ಅಜ್ಜಿ?" ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಅವತ್ತೇ ಗೊತ್ತಾಯಿತು ನೀನು ಹೋಟೆಲು ಇಡುವುದು ಖಂಡಿತ ಅಂತ. ಬೆಂಗಳೂರಿನವರಿಗೆ ಕೋಲಾರದ ಊಟ ಬಡಿಸುತ್ತೀಯ, ಸಂತೋಷ ಮಗು. ನಿನ್ನ ಕೈಯಲ್ಲಿ ರುಚಿ ಇದೆ. ಅದನ್ನು ನೀನು ಲಂಗ ಹಾಕಿಕೊಂಡು ಒಲೆ ಮುಂದೆ ಕೂರುತ್ತಿದ್ದಾಗಲೇ ಕಂಡಿದ್ದೇನೆ. ಆದರೆ ಅವಸರ ಜಾಸ್ತಿ. ಎಸರು ಕುದಿಯುವ ಮೊದಲೇ ಹಿಟ್ಟು ಸುರಿಯುವವಳು ನೀನು. ಹೋಟೆಲು ಇನ್ನೂ ಇಲ್ಲ, ಬೋರ್ಡಿನ ಮೇಲೆ 'ಸಾವಿರ ವರ್ಷದ ರುಚಿ' ಅಂತ ಬರೆಸುವುದು ಮಾತ್ರ ಆಗಲೇ ತೀರ್ಮಾನ! ಅದಕ್ಕೆ ಮುಂಚೆ ನನ್ನ ನಾಲ್ಕು ಮಾತು ಕೇಳು.

ಗ್ರಾಮಿನ ಲೆಕ್ಕ ನನಗೆ ಬರುವುದಿಲ್ಲ. ನಮ್ಮದೆಲ್ಲ ಕಣ್ಣಳತೆ. ಎಸರಿಗೆ ಮೊದಲು ಒಂದು ಹಿಡಿ ಅಕ್ಕಿ ನುಚ್ಚು ಹಾಕು, ಮೆತ್ತಗೆ ಬೇಯಲಿ. ಮಂಡ್ಯದ ಕಡೆ ಬರೀ ಹಿಟ್ಟಿನಲ್ಲೇ ಮಾಡುತ್ತಾರೆ. ನಮ್ಮ ಮನೆಯಲ್ಲಿ ನುಚ್ಚು ಬೀಳಲೇಬೇಕು, ಗಡಿಯಾಚೆ ಚಿತ್ತೂರಿನ ಸಂಗಟಿಯ ಹಾಗೆ. ಆಮೇಲೆ ಹಿಟ್ಟನ್ನು ನಡುವೆ ಗುಡ್ಡೆ ಹಾಕು. ಕಲಕಬೇಡ. ಗುಡ್ಡೆಗೆ ಕೋಲಿನಿಂದ ಒಂದು ತೂತು ಮಾಡಿ ಸುಮ್ಮನಿರು. ಎಸರು ಆ ತೂತಿನಿಂದ ಉಕ್ಕಿ ಹಿಟ್ಟಿನ ಮೇಲೆ ಹರಿಯಬೇಕು, ಹಸಿ ವಾಸನೆ ಹೋಗಬೇಕು. ನೀನು ಸೋಲುವುದು ಅಲ್ಲೇ. ಪಾತ್ರೆ ಇಳಿಸಿ, ಕವೆಗೋಲು ಕೊಟ್ಟು ಅದುಮಿ ಹಿಡಿದು, ಆಮೇಲೆ ತೊಳಸು. ಒದ್ದೆ ಬೆರಳು ಮುಟ್ಟಿಸಿದರೆ ಅಂಟಬಾರದು.

ನಾನು ಈ ಮನೆಗೆ ಬಂದ ಹೊಸದರಲ್ಲಿ ಹೊಲದಿಂದ ಬಂದವರಿಗೆಲ್ಲ ಗಂಟುಗಂಟಾದ ಮುದ್ದೆ ಬಡಿಸಿದ್ದೆ. ನಮ್ಮತ್ತೆ ಗಂಟು ಒಡೆದು ಒಡೆದು ಪೂರ್ತಿ ಉಂಡರು. ಕೈ ತೊಳೆಯುವಾಗ, "ನಾಳೆ ಇನ್ನೊಂದು ಗಳಿಗೆ ಕಾಯಮ್ಮ" ಅಂದರು, ಅಷ್ಟೇ. ಐವತ್ತು ವರ್ಷವಾಯಿತು. ಈಗಲೂ ಗುಡ್ಡೆಗೆ ತೂತು ಮಾಡಿದಾಗೆಲ್ಲ ಆ ಮಾತು ಕಿವಿಯಲ್ಲಿರುತ್ತದೆ.

ಈಗ ನಿನ್ನ ಸಾವಿರ ವರ್ಷದ ವಿಚಾರ. ರಾಗಿ ಸಾವಿರವಲ್ಲ, ಇನ್ನೂ ಹಳೆಯದು. ಆದರೆ ಅದರ ತವರು ನಮ್ಮೂರಲ್ಲ ಕಣಮ್ಮ, ಆಫ್ರಿಕಾ. ಇಥಿಯೋಪಿಯಾ, ಉಗಾಂಡಾದ ಎತ್ತರದ ನೆಲದಲ್ಲಿ ಹುಟ್ಟಿ, ಕಡಲು ದಾಟಿ ಇಲ್ಲಿಗೆ ಬಂತು. ಮಂಡ್ಯದ ವಿ.ಸಿ. ಫಾರಂನಲ್ಲಿದ್ದ 'ರಾಗಿ ಲಕ್ಷ್ಮಣಯ್ಯ'ನವರು ನಮ್ಮ ತಳಿಗೂ ಆಫ್ರಿಕಾದ ತಳಿಗೂ ಸಂಬಂಧ ಬೆಳೆಸಿ 'ಇಂಡಾಫ್' ರಾಗಿ ಕೊಟ್ಟರು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್'. ಎಷ್ಟೋ ಕಾಲದ ಹಿಂದೆ ಮದುವೆಯಾಗಿ ಬಂದವಳನ್ನು ತವರಿನವರು ಮತ್ತೆ ಬಂದು ನೋಡಿದ ಹಾಗೆ. ಆ ತಳಿ ಬಂದ ಮೇಲೆ ಎಷ್ಟು ಮನೆಗಳಲ್ಲಿ ಎರಡು ಹೊತ್ತಿನ ಹಿಟ್ಟು ಖಾಯಂ ಆಯಿತೋ! ನಿನ್ನ ಗೋಡೆಯ ಮೇಲೆ ಯಾರದಾದರೂ ಫೋಟೊ ಹಾಕುವುದಾದರೆ ಆ ಪುಣ್ಯಾತ್ಮರದು ಹಾಕು.

ಟೊಮೆಟೊಗೆ ಮಾತ್ರ ಸಾವಿರ ವರ್ಷ ಅಂಟಿಸಬೇಡ. ಕೋಲಾರದ ಟೊಮೆಟೊ ಮಾರುಕಟ್ಟೆ ಏಷ್ಯಾದ ದೊಡ್ಡವುಗಳಲ್ಲಿ ಒಂದು, ನಿಜ. 2023ರ ಜುಲೈನಲ್ಲಿ 15 ಕಿಲೋ ಬಾಕ್ಸು 2,000 ರೂಪಾಯಿ ದಾಟಿದ್ದೂ ನಿಜ. ಆದರೆ ಟೊಮೆಟೊ, ಮೆಣಸಿನಕಾಯಿ, ಕಡಲೆಕಾಯಿ ಮೂರೂ ಅಮೆರಿಕದ ಕಡೆಯಿಂದ ಹಡಗು ಹತ್ತಿ ಬಂದವು. ನನ್ನತ್ತೆಯ ಸಾರಿಗೆ ಹುಳಿ ಅಂದರೆ ಹುಣಸೆಹಣ್ಣು, ಮಾವಿನ ಕಾಲಕ್ಕೆ ಮಾವಿನಕಾಯಿ. ಹೊಸದಾಗಿ ಬಂದದ್ದನ್ನು ಹೊಸದು ಅಂದರೆ ಊಟದ ಮರ್ಯಾದೆ ಹೋಗುವುದಿಲ್ಲ. ಸುಳ್ಳು ಹೇಳಿದರೆ ಹೋಗುತ್ತದೆ.

ಅಳತೆ ಕೇಳುವ ಬದಲು 'ಯಾಕೆ' ಅಂತ ಕೇಳು. ಬಸ್ಸಾರು ಯಾಕೆ? ಸೊಪ್ಪು ಕಾಳು ಒಂದೇ ಸಲ ಬೇಯಿಸಿ ಬಸಿದರೆ, ಕಟ್ಟು ಸಾರಾಗುತ್ತದೆ, ಉಳಿದದ್ದು ಪಲ್ಯವಾಗುತ್ತದೆ. ಒಂದು ಸೌದೆ ಉರಿಗೆ ಎರಡು ಅಡುಗೆ, ಒಂದು ತೊಟ್ಟು ನೀರೂ ಚೆಲ್ಲುವುದಿಲ್ಲ. ವರ್ಷವಿಡೀ ಹರಿಯುವ ಹೊಳೆಯಿಲ್ಲದೆ ಕೆರೆ ನಂಬಿಕೊಂಡ ಸೀಮೆಯ ಬುದ್ಧಿ ಅದು. ಮಳೆ ಕೈಕೊಟ್ಟ ವರ್ಷಕ್ಕೆ ಅಂತಲೇ ಹಗೇವಿನಲ್ಲಿ ರಾಗಿ ತುಂಬಿಡುತ್ತಿದ್ದರು. ಎಷ್ಟು ವರ್ಷವಿಟ್ಟರೂ ಹುಳ ಮುಟ್ಟುತ್ತಿರಲಿಲ್ಲ. ಅನ್ನ ಹಬ್ಬಕ್ಕೆ. ಬಿಸಿಲಿಗೆ ಅಂಬಲಿ, ಮೇಲೊಂದಿಷ್ಟು ಮಜ್ಜಿಗೆ, ಹೆಚ್ಚಿದ ಈರುಳ್ಳಿ. ನೀನು ಈಗ ಗಾಜಿನ ಲೋಟದಲ್ಲಿ ಸ್ಟ್ರಾ ಹಾಕಿ ಕೊಡಬೇಕು ಅಂತಿರುವುದು ಅದನ್ನೇ. ಕೊಡು, ಅಡ್ಡಿಯಿಲ್ಲ, ಹುಳಿ ಬಂದಿರಬೇಕು ಅಷ್ಟೇ.

ಇನ್ನೊಂದು ಮಾತು. ಇದನ್ನು ಯಾರೂ ಬೋರ್ಡಿನಲ್ಲಿ ಬರೆಯುವುದಿಲ್ಲ. ಆ ರುಚಿಯೆಲ್ಲ ಹೆಂಗಸರ ರಟ್ಟೆಯಿಂದ ಬಂದದ್ದು. ಕೋಳಿ ಕೂಗುವ ಮುಂಚೆ ಬೀಸುವ ಕಲ್ಲಿನ ಮುಂದೆ ಕೂತವರು ನಮ್ಮತ್ತೆ. ಅವರ ಬಲಗೈ ಕೊನೆಗಾಲದಲ್ಲಿ ಮೇಲೆ ಏಳುತ್ತಿರಲಿಲ್ಲ. ಮಿಲ್ಲು ಬಂದ ದಿನ ಅವರು ಹಾಡು ನಿಂತುಹೋಯಿತಲ್ಲ ಅಂತ ಅಳಲಿಲ್ಲ, ಕಲ್ಲನ್ನು ಗೋಡೆಗೆ ಒರಗಿಸಿಟ್ಟು ಬೆಳಕು ಹರಿಯುವ ತನಕ ಮಲಗಿದರು. ಹಾಗಾಗಿ ನಿನ್ನ ಅಡುಗೆಮನೆಗೆ ಯಂತ್ರ ತರಿಸು, ಸಂಕೋಚ ಬೇಡ. ಕೆಲಸದ ಹೆಂಗಸರಿಗೆ ಕೂರಲು ಜಾಗ, ಹೊತ್ತಿಗೆ ಸಂಬಳ ಕೊಡು.

ಮುಳಬಾಗಿಲಿನ ದೋಸೆ ಹಾಕಲೇಬೇಕು ಅಂತೀಯ. ಹಾಕು. ಹೆದ್ದಾರಿಯ ಊರದು, ಮೂಡಲ ಬಾಗಿಲು, ಮದ್ರಾಸಿಗೆ ಹೋಗುವ ಬಸ್ಸಿನವರು ಇಳಿದು ತಿಂದು ಊರೂರಿಗೆ ಹೆಸರು ಹಬ್ಬಿಸಿದ ದೋಸೆ. ತುಪ್ಪದಲ್ಲಿ ಜಿಪುಣತನ ಮಾಡುವುದಾದರೆ ಮಾತ್ರ ಆ ಊರಿನ ಹೆಸರು ಎತ್ತಬೇಡ. ಮಾವು ಶ್ರೀನಿವಾಸಪುರದ್ದೇ ತರಿಸು, ಬಾದಾಮಿ, ರಸಪುರಿ, ಮಲ್ಲಿಕಾ, ಆದರೆ ಕಾಲಕ್ಕೆ ತರಿಸು. ಕಾರ್ತಿಕದಲ್ಲಿ ಮಾವಿನಹಣ್ಣು ಕೇಳಿದವರಿಗೆ ಇಲ್ಲ ಅನ್ನುವುದನ್ನು ಕಲಿ.

ಅವರೆಕಾಯಿಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ನಿನಗೆ ಪ್ರಾಣ ಅಂತ. ಮಾಲೂರಿನ ನನ್ನ ತವರಿನಲ್ಲಿ ಅಪ್ಪ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಡುತ್ತಿದ್ದರು. ಇಷ್ಟು ಸಾಲು ರಾಗಿಗೆ ಒಂದು ಸಾಲು ಅವರೆ, ಜೋಳ, ಅಂಚಿನಲ್ಲಿ ಸಾಸಿವೆ, ಹುಚ್ಚೆಳ್ಳು. ಮುದ್ದೆ, ಸಾರು, ಒಗ್ಗರಣೆ, ಚಟ್ನಿಪುಡಿ ಎಲ್ಲ ಒಂದೇ ಹೊಲದಲ್ಲಿ ಬೆಳೆದು ನಿಲ್ಲುತ್ತಿದ್ದವು. ರಾಗಿ ಕೊಯ್ದ ಮೇಲೆ ಬಿಸಿಲು ಸಿಕ್ಕಿ ಅವರೆ ಹಬ್ಬುತ್ತಿತ್ತು. ಹಗಲು ಚಿಕ್ಕದಾದರೆ ಮಾತ್ರ ಹೂ ಬಿಡುವ ಗಿಡ ಅದು. ಈಗ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ತಳಿಗಳು ವರ್ಷಪೂರ್ತಿ ಕಾಯಿ ಕೊಡುತ್ತವೆ, ರೈತನಿಗೆ ಒಳ್ಳೆಯದೇ. ಆದರೆ ಸೊಗಡು ಬೇಕಾದರೆ ನಾಡ ಅವರೆಯೇ ಬೇಕು, ಅದರ ಮೇಲೆ ಮಂಜು ಬೀಳಬೇಕು. ಕಾಯಿ ಬಿಡಿಸಿದ ಕೈಯಲ್ಲಿ ಆ ಜಿಡ್ಡು, ಆ ವಾಸನೆ ಮರುದಿನವೂ ಇರಬೇಕು.

ಮಾರ್ಗಶಿರದಲ್ಲಿ ಎರಡು ದಿನ ರಜ ಹಾಕಿ ಬಾ. ನಿನ್ನ ಜೊತೆ ಹೋಟೆಲಿಗೆ ದುಡ್ಡು ಹಾಕುವ ಆ ಹುಡುಗರನ್ನೂ ಕರೆದುಕೊಂಡು ಬಾ. ರಾತ್ರಿ ಕಾಳು ನೆನೆಹಾಕಿರುತ್ತೇನೆ. ಬೆಳಗ್ಗೆ ಜಗಲಿಯ ಮೇಲೆ ಎಲ್ಲರೂ ಕೂತು ಹಿತುಕಬೇಕು, ಹೆಬ್ಬೆರಳು ನೋಯುವ ತನಕ. ಹಿತುಕಿದ ಬೇಳೆ ಒಂದು ಪಾತ್ರೆ ತುಂಬಲಿ, ಆಮೇಲೆ ಬೆಲೆ ಎಷ್ಟಿಡಬೇಕು ಅನ್ನುವುದನ್ನು ಅಲ್ಲೇ ಕೂತು ಮಾತಾಡೋಣ.